ಪಾಸ್‌ವರ್ಡ್ ಏನೂ ಬೇಡ

ಕೇಳಿದ್ದನ್ನೇ ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಗೆ ಗೇಟಿದೆ, ಬೀಗವಿದೆ, ಬಾಗಿಲಲ್ಲಿ ಹೆಂಡತಿ ಇದ್ದಾಳೆ. ಇಷ್ಟನ್ನೂ ದಾಟಿ ಒಳಗೆ ಬಂದ ಯಜಮಾನನನ್ನೇ ಕಂಪ್ಯೂಟರ್ ‘ಯಾರು ನೀನು?’ ಎಂದು ತಡೆದರೆ ಏನನ್ನಬೇಕು?

ಆ ಹಳೇ ಕಂಪ್ಯೂಟರಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟವನು ಹರಿಹರದ ನನ್ನ ಭಾವಮೈದ ಮಲ್ಲೇಶ. ಪುಗಸಟ್ಟೆ ಸಿಗುತ್ತದೆ, ಕೆಡುವುದಿಲ್ಲ ಎಂದ. ಕೆಡಲಿಲ್ಲ ನಿಜ, ಕೇಳುವುದನ್ನೂ ಬಿಡಲಿಲ್ಲ. ಫ್ಲಾಪಿ ಹಾಕಿದರೆ ಪಾಸ್‌ವರ್ಡ್, ಪ್ರಿಂಟ್ ತೆಗೆಯಲು ಹೋದರೆ ಪಾಸ್‌ವರ್ಡ್, ಎದ್ದು ಚಹಾ ಕುಡಿದು ಬರುವಷ್ಟರಲ್ಲಿ ಪರದೆ ಕಪ್ಪಗಾಗಿ ಮತ್ತೆ ಪಾಸ್‌ವರ್ಡ್. ಮದುವೆ ಮನೆಯಲ್ಲಿ ಬೀಗರನ್ನೂ ಇಷ್ಟು ವಿಚಾರಿಸುವುದಿಲ್ಲ. ಮಲ್ಲೇಶ ಇದ್ದಷ್ಟು ಹೊತ್ತು ತಾನೇ ಟಕಟಕ ಒತ್ತುತ್ತಿದ್ದ. ಭಾನುವಾರ ಉಂಡು ಹರಿಹರದ ಬಸ್ ಹತ್ತಿದ, ಇತ್ತ ಪರದೆ ಕಪ್ಪಾಯಿತು. ಒಳಗೆ ಉಳಿದದ್ದು ನನ್ನ ಹೆಂಡತಿ ತನ್ನ ಶಾಲೆಗೆಂದು ಕೂತು ಟೈಪ್ ಮಾಡಿದ ಗಣಿತದ ಪ್ರಶ್ನೆಪತ್ರಿಕೆ. ಪರೀಕ್ಷೆ ಮರುದಿನ ಬೆಳಿಗ್ಗೆ.

“ಪಾಸ್‌ವರ್ಡ್ ಏನ್ರೀ?” ಎಂದಳು.

“ಏನೂ ಬೇಡ ಅಂತ ಅವನಿಗೆ ಹೇಳಿದ್ದೆನಲ್ಲ!”

ಅವಳು ಫೋನನ್ನು ನನ್ನ ಮುಂದೆ ತಂದಿಟ್ಟಳು. ಮಲ್ಲೇಶ ಮನೆ ಮುಟ್ಟಿದ ಮೇಲೆ ಸಿಕ್ಕ.

“ಪಾಸ್‌ವರ್ಡ್ ಏನಿಡ್ಲಿ ಭಾವ ಅಂದೆ. ಮಲಗಿದ್ದಲ್ಲಿಂದ್ಲೇ ‘ಬ್ಯಾಡ’ ಅಂದ್ರಿ. ಅದ್ನೇ ಇಟ್ಟೀನಿ!”

ನಾನು ಬಿ, ಇ, ಡಿ, ಎ ಒತ್ತಿದೆ. ತಪ್ಪು ಎಂದಿತು. ‘ಬೇ’ ದೀರ್ಘವಲ್ಲವೇ ಎಂದು ಇನ್ನೊಂದು ಇ ಹಾಕಿದೆ. ಅದೂ ತಪ್ಪು. ನಾನು ಕನ್ನಡ ಮೇಷ್ಟ್ರು ಸ್ವಾಮಿ! ಹದಡಿ, ಕುಕ್ಕುವಾಡದಂಥ ಹಳ್ಳಿಗಳಿಂದ ಬರುವ ಹುಡುಗರು ‘ಬ್ಯಾಡ’ ಎಂದು ಬರೆದರೆ ಕೆಂಪು ಶಾಯಿಯಲ್ಲಿ ‘ಬೇಡ’ ಎಂದು ತಿದ್ದುವವನು. ನನಗೇ ತಪ್ಪು ಎನ್ನಲು ಇದ್ಯಾವುದು? ಮತ್ತೆ ಫೋನ್ ಮಾಡಿ ಮಲ್ಲೇಶನ ಮೇಲೆ ರೇಗಿದೆ.

“ನೀವು ಹೆಂಗ ಅಂದ್ರೋ ಹಂಗೇ ಒತ್ತೀನಿ ಭಾವ. ಬಿ, ವೈ, ಎ, ಡಿ, ಎ.”

“ನಾನು ಹಾಗೆ ಅನ್ನಲಿಕ್ಕೆ ಸಾಧ್ಯವೇ ಇಲ್ಲ!” ಎಂದು ಕೂಗಿ, ಅವನು ಹೇಳಿದಂತೆಯೇ ಒತ್ತಿದೆ. ಪರದೆ ಬೆಳಗಿತು. ಪ್ರಶ್ನೆಪತ್ರಿಕೆ ಒಂದಕ್ಷರವೂ ಅಳಿಯದೆ ಕೂತಿತ್ತು. ಸದ್ಯ, ಹೋದ ಜೀವ ಬಂತು. ಹೆಂಡತಿ ನನ್ನನ್ನು ಸರಿಸಿ ಕೂತು ಪ್ರಿಂಟ್ ಒತ್ತಿದಳು. ಮತ್ತೆ ಪಾಸ್‌ವರ್ಡ್ ಕೇಳಿತು.

“ಸುಸ್ತಾದ್ರಿ, ಚಹಾ ಮಾಡ್ಲೇನ್ರೀ?” ಎಂದಳು.

“ಬ್ಯಾಡ,” ಎಂದೆ.

ಅವಳು ಕಿಸಕ್ಕನೆ ನಕ್ಕು, ನಾನು ಅಂದ ಹಾಗೇ ಒತ್ತಿದಳು.