ಗೆರೆ ಹುಡುಕಿಕೊಂಡು ಹೊರಟವನ ಪಾಡು

ಪೆನ್ಸಿಲು, ಕಾಗದ ಹಿಡಿದು ಊರೊಳಗೆ ಕಾಲಿಟ್ಟವನಿಗೆ ಒಂದಲ್ಲ ಒಂದು ಪ್ರಸಂಗ ಗಂಟುಬೀಳದೆ ಇರುವುದಿಲ್ಲ. ನನಗಂತೂ ಒಂದು ವರ್ಷ ಪೂರ್ತಿ ಬಿದ್ದವು. ನಮ್ಮ ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಮದ್ರಾಸಿನ ಒಂದು ಚಿತ್ರಕಲಾ ಶಾಲೆಯಲ್ಲಿ ಪುಸ್ತಕಗಳನ್ನು ಅಂದವಾಗಿ ರೂಪಿಸುವ ವಿದ್ಯೆ ಕಲಿಯುತ್ತಿದ್ದೆ. ಕೊನೆಯ ಪರೀಕ್ಷೆಗೆ ಒಂದು ಪುಸ್ತಕವನ್ನು ಪೂರ್ತಿ ನಾವೇ ಮಾಡಿ ಒಪ್ಪಿಸಬೇಕಿತ್ತು. “ಮೊದಲು ನಿಮ್ಮೂರಿಗೆ ಹೋಗು. ನೋಡು, ಕೇಳು, ಬರೆದುಕೋ” ಎಂದರು ಮೇಷ್ಟ್ರು. ಸೀರೆ ಅಂಚು, ಹಚ್ಚೆ, ರಂಗೋಲಿ ಎಲ್ಲ ಸೇರಿಸಿ ‘ನಮ್ಮ ಸೀಮೆಯ ಗೆರೆಗಳು’ ಎಂಬ ಪುಸ್ತಕ ಮಾಡುವುದೆಂದು ಹೊರಟೆ. ಹಿಂದಿನ ವರ್ಷ ಒಮ್ಮೆ ಡುಮ್ಕಿ ಹೊಡೆದಿದ್ದೆ. ಅಪ್ಪ ಖಡಾಖಂಡಿತವಾಗಿ ಹೇಳಿದ್ದರು: “ಈ ಸಲಾನೂ ಫೇಲಾದ್ರೆ ಬಣ್ಣದ ಡಬ್ಬ ಅಟ್ಟದ ಮೇಲೆ, ನೀನು ಕಾಮಗೆರೆ ಗದ್ದೆ ಒಳಗೆ ಕಣ್ಲಾ.”

ಗಿಣಿಯ ಕತ್ತು

ಕೊಳ್ಳೇಗಾಲದ ನೇಕಾರರೊಬ್ಬರ ಮನೆಗೆ ಹೋದೆ. ನಾನು ಮಗ್ಗದ ಹತ್ತಿರ ಬಂದೊಡನೆ ಅವರು ಸೀರೆಯ ಅಂಚಿನ ಮೇಲೆ ಟವಲು ಹಾಕಿ ಮುಚ್ಚಿದರು.

“ಯಾವ ಮಗ್ಗದೋರು ಕಳ್ಸಿದ್ರು ಸಾ?”

ಯಾರೂ ಕಳಿಸಿಲ್ಲ, ಪುಸ್ತಕಕ್ಕೆ ಎಂದೆ. ನಂಬಲಿಲ್ಲ. ಮೂರು ದಿನ ಅವರ ಜಗಲಿ ಬಿಡದೆ ಕೂತ ಮೇಲೆ, ಪಾಪ ಅನ್ನಿಸಿತೋ ಏನೋ, ಟವಲು ತೆಗೆದರು. ಚೌಕಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬುತ್ತಾ ಗಿಣಿಯಂಚನ್ನು ಬರೆದುಕೊಂಡೆ. ಎಲ್ಲೋ ಲೆಕ್ಕ ತಪ್ಪಿ ನನ್ನ ಗಿಣಿ ಕತ್ತು ತಿರುಗಿಸಿ ಹಿಂದೆ ನೋಡುವಂತಾಯಿತು. ನೇಕಾರರು ಅದನ್ನು ಬಹಳ ಹೊತ್ತು ನೋಡಿ, “ಈ ಆಳೆ ನನಗಿರಲಿ” ಎಂದು ಇಟ್ಟುಕೊಂಡರು.

ಎರಡು ತಿಂಗಳ ಮೇಲೆ ಮತ್ತೆ ಹೋದರೆ ಬೀದಿಯಲ್ಲಿ ಎದುರಾದ ಇಬ್ಬರು ಹೆಂಗಸರ ಸೀರೆಯಲ್ಲಿ ಗಿಣಿಗಳು ಹಿಂದೆ ನೋಡುತ್ತಿದ್ದವು. ನನ್ನ ಪುಸ್ತಕಕ್ಕೆ ಬೇಕಿದ್ದದ್ದು ಮುಂದೆ ನೋಡುವ ಗಿಣಿ. ಹಳೇ ಅಂಚು ತೋರಿಸಿ ಎಂದು ನೇಕಾರರನ್ನು ಗೋಗರೆದೆ.

“ಅಳೇದು ಯಾರ್ ಕೇಳ್ತಾರೆ ಸಾ? ಎಲ್ರೂ ನಿಮ್ದೇ ಕೇಳ್ತಾವ್ರೆ. ಇನ್ನೊಂದ್ ತಪ್ಪು ಮಾಡ್ಕೊಡಿ.”

ಅಜ್ಜಿಯ ತೊಟ್ಟಿಲು

ಹನೂರಿನಲ್ಲಿ ಒಬ್ಬ ಅಜ್ಜಿಯ ಮುಂಗೈ ತುಂಬ ಹಚ್ಚೆ ಇತ್ತು. ಬರೆದುಕೊಳ್ಳಲೇ ಎಂದೆ.

“ನೀನ್ ಬರ್ಕೊಂಡ್ರೆ ನನ್ ಕೈಲಿ ಉಳೀತದಾ?”

ಉಳಿಯುತ್ತದೆ ಎಂದು ಆಣೆ ಮಾಡಿದೆ. ಪ್ರತಿ ಗೆರೆ ಬರೆದಾಗಲೂ ಎಂಜಲು ಹಚ್ಚಿ ಉಜ್ಜಿ ನೋಡಿಕೊಂಡಳು. ಎಲ್ಲಾ ಮುಗಿದ ಮೇಲೆ ನನ್ನ ಕೈ ಹಿಡಿದು, ಅತ್ತಿತ್ತ ತಿರುಗಿಸಿ, “ಅಯ್ಯೋ, ಓದೋ ಉಡುಗನ ಕೈ ಇಷ್ಟು ಬೋಳಾ!” ಎಂದು ಲೊಚಗುಟ್ಟಿದಳು. ಆವತ್ತು ಸಂತೆ. ಹಚ್ಚೆ ಹಾಕುವವಳು ಅಲ್ಲೇ ಇದ್ದಳು. ನಾನು ಬೇಡವೆಂದು ಬಡಿದುಕೊಳ್ಳುವಷ್ಟರಲ್ಲಿ ಅಜ್ಜಿ ನನ್ನ ಕೈಯನ್ನು ಮೊಣಕಾಲ ಕೆಳಗೆ ಒತ್ತಿ ಹಿಡಿದಿದ್ದಳು. ಬರೆಯುವ ಕೈ ಎಂಟು ದಿನ ಬೋಂಡದಂತೆ ಊದಿಕೊಂಡಿತು. ಹಾಕಿಸಿದ್ದು ಹೆಂಗಸರು ಮಕ್ಕಳಾಗಲೆಂದು ಹಾಕಿಸಿಕೊಳ್ಳುವ ತೊಟ್ಟಿಲು. ನನಗೆ ಆರು ಮಕ್ಕಳು. ಇದಕ್ಕೆ ನನ್ನ ಹೆಂಡತಿ ಇಂದಿಗೂ ಆ ಅಜ್ಜಿಯನ್ನೇ ಬೈಯುತ್ತಾಳೆ.

ಒಂದು ಹಾಳೆ ರಂಗೋಲಿ

ಯಳಂದೂರಿನ ಒಬ್ಬ ಗೃಹಿಣಿ ರಂಗೋಲಿಗೆ ಹೆಸರುವಾಸಿ. ಮದ್ರಾಸಿನಿಂದ ತಂದಿದ್ದ ನನ್ನ ಒಳ್ಳೇ ಹಾಳೆಯನ್ನು ಅವರ ಕೈಗೆ ಕೊಟ್ಟು, ಇದರ ಮೇಲೆ ಒಂದು ಬಿಡಿಸಿಕೊಡಿ ಎಂದು ಬೇಡಿಕೊಂಡೆ. ಸಂತೋಷವಾಗಿ ಒಪ್ಪಿದರು. ನಾನು ಒಳಗೆ ಕಾಫಿ ಕುಡಿದು ಹೊರಗೆ ಬರುವುದರೊಳಗೆ ಹಾಳೆಯನ್ನು ಸಗಣಿಯಿಂದ ನೀಟಾಗಿ ಸಾರಿಸಿ ಬಿಸಿಲಿಗೆ ಒಣಹಾಕಿದ್ದರು.

“ಅಮ್ಮಾ, ಇದೇನು ಮಾಡಿದ್ರಿ!”

“ಸಾರಿಸ್ದೆ ರಂಗೋಲಿ ಬಿಡಕ್ಕಾದದಾ? ಮನೆಗೆ ಒಳ್ಳೇದಲ್ಲ ಕಣಪ್ಪ.”

ಒಣಗಿದ ಮೇಲೆ ಪುಡಿಯಲ್ಲಿ ಎಂಥ ರಂಗೋಲಿ ಬಿಟ್ಟರು ಅಂತೀರಿ! ಅಂಥ ಕೈಯನ್ನು ನಾನು ಮತ್ತೆ ನೋಡಲಿಲ್ಲ. ಎರಡು ಕೈಯಲ್ಲೂ ತಟ್ಟೆಯಂತೆ ಹಿಡಿದುಕೊಂಡು ಬಸ್ಸಿಗೆ ಕಾದೆ. ಗಾಳಿ ಬೀಸಿತು. ಬಸ್ಸು ಬರುವ ಹೊತ್ತಿಗೆ ಪುಡಿಯೆಲ್ಲ ಹಾರಿಹೋಗಿ ಕೆಳಗಿನದು ಮಾತ್ರ ಉಳಿದಿತ್ತು. ಕಂಡಕ್ಟರು ಬಾಗಿಲಲ್ಲೇ ತಡೆದ.

“ಬೆರಣಿ ಒಳಕ್ಕೆ ತರಂಗಿಲ್ಲ ಸಾ, ಟಾಪ್ ಮೇಲಾಕಿ.”

ಮೊದಲ ಹಾಳೆ

ಅಂತೂ ಪುಸ್ತಕ ಮುಗಿಯುತ್ತ ಬಂತು. ಒಳಗಿನದೆಲ್ಲ ಕೈಯಲ್ಲೇ ಬರೆದದ್ದು. ಹೆಸರಿನ ಹಾಳೆ ಮಾತ್ರ ಅಚ್ಚಾಗಬೇಕಿತ್ತು. ಕೊಳ್ಳೇಗಾಲದ ಒಂದು ಪ್ರೆಸ್ಸಿಗೆ ಹೋದೆ. ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಿರಿಯರು, “ಮೇಲೆ ಶ್ರೀ? ಸುತ್ತ ಊವಿನ ಬಳ್ಳಿ?” ಎಂದು ಕೇಳಿದರು. ಏನೂ ಬೇಡ, ಸುತ್ತ ಖಾಲಿ ಬಿಡಿ, ಅದೇ ಅಂದ ಎಂದು ಮೇಷ್ಟ್ರು ಹೇಳಿದ್ದನ್ನೇ ಒಪ್ಪಿಸಿದೆ. ಅವರು ನನ್ನನ್ನು ಮರುಕದಿಂದ ನೋಡಿದರು. ಮೇಲೆ ಸಣ್ಣಗೆ ಪುಸ್ತಕದ ಹೆಸರು, ನಡುವೆ ದಪ್ಪ ಕಪ್ಪಕ್ಷರದಲ್ಲಿ ನನ್ನ ಹೆಸರು. ವಯಸ್ಸು ಅಂಥದ್ದು. ಎರಡು ಪ್ರತಿ ತೆಗೆಸಿ, ಒಂದನ್ನು ಪುಸ್ತಕಕ್ಕೆ ಹೊಲಿದು, ಇನ್ನೊಂದನ್ನು ಹೆಮ್ಮೆಯಿಂದ ಮಾಂಬಳ್ಳಿಯ ಸೋದರಮಾವನಿಗೆ ಅಂಚೆಯಲ್ಲಿ ಕಳಿಸಿದೆ.

ಮೂರನೇ ದಿನ ಬೆಳಿಗ್ಗೆ ಮನೆ ಮುಂದೆ ಗಾಡಿ ನಿಂತಿತು. ಮಾಂಬಳ್ಳಿಯ ಅತ್ತೆ ಎದೆ ಬಡಿದುಕೊಂಡು ಇಳಿದು ಬಂದು ನಮ್ಮವ್ವನನ್ನು ತಬ್ಬಿಕೊಂಡು ಗೋಳೋ ಎಂದಳು. ಮಾಂಬಳ್ಳಿಯಲ್ಲಿ ಯಾರೋ ಹೋಗಿದ್ದಾರೆಂದು ತಿಳಿದು ಅವ್ವನೂ ದನಿ ತೆಗೆದಳು. ಹಿಂದೆ ಮಾವ ಹೂವಿನ ಹಾರ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದ. ನನಗೂ ದುಃಖ ಉಕ್ಕಿ ಬಂತು. ಅಳುತ್ತಲೇ ಅತ್ತೆಯ ಹೆಗಲು ಹಿಡಿದು ಕೇಳಿದೆ:

“ಯಾರತ್ತೆ ಹೋದ್ರು?”

“ನೀನೇ ಕಣ್ಲಾ!” ಎಂದು ಅತ್ತೆ ಇನ್ನೂ ಜೋರಾಗಿ ಅತ್ತು, ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದಳು.

ಮಾವನಿಗೆ ಓದು ಬಾರದು. ಅತ್ತೆ ಅಕ್ಷರ ಕೂಡಿಸಿಕೊಂಡು ದಪ್ಪಗಿದ್ದ ಹೆಸರನ್ನಷ್ಟೇ ಓದಿದ್ದಳು. ಮಾವ ರೇಗಿದ. “ನಾಕು ಮೂಲೇಲಿ ಅರಿಶಿನ ಇಲ್ಲ, ಶ್ರೀ ಇಲ್ಲ, ಮದ್ವೆ ಕಾಗ್ದ ಅನ್ನಾಕೆ ಜೊತೆಗೊಂದು ಎಣ್ಣಿನ ಎಸ್ರಿಲ್ಲ. ನಿನ್ನೆಸ್ರು ಒಂದೇ ಕರ್ರಗೆ ಕೂತದೆ. ಇನ್ನೇನ್ಲಾ ಅಂದ್ಕಬೇಕು?” ಸಾವಿನ ಕಾಗದ ಮನೆಯಲ್ಲಿ ಇಡಬಾರದೆಂದು ಅದನ್ನು ಆಗಲೇ ಹರಿದೂ ಹಾಕಿದ್ದರು.

ಉಳಿದಿದ್ದ ಒಂದೇ ಒಂದು ಪ್ರತಿಯೆಂದರೆ ಪುಸ್ತಕದೊಳಗಿನದು. ಅತ್ತೆ ಅದನ್ನು ಕಂಡಳು. ಅರಿಶಿನದ ಬಟ್ಟಲು ತಂದಳು. ಪರೀಕ್ಷೆ, ಮದ್ರಾಸು, ಕಾಮಗೆರೆ ಗದ್ದೆ ಎಂದು ಕಾಲಿಗೆ ಬಿದ್ದೆ. ಹಾಳೆಯ ನಾಲ್ಕು ಮೂಲೆಗೂ ದಪ್ಪಗೆ ಹಚ್ಚಿಯೇ ಅವಳು ಊಟಕ್ಕೆ ಎದ್ದಿದ್ದು.

ಮದ್ರಾಸಿನಲ್ಲಿ ಪರೀಕ್ಷಕರು ಹಳದಿ ಮೂಲೆಯ ಮೇಲೆ ಬೆರಳಿಟ್ಟು, ಇದೇನೆಂದು ಕೇಳಿದರು. ಸುಳ್ಳು ಹೊಳೆಯಲಿಲ್ಲ. ಇದ್ದದ್ದು ಇದ್ದಂತೆ ಹೇಳಿದೆ. ಅವರು ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಪಾಸೂ ಮಾಡಿದರು. ಈ ಸುದ್ದಿ ಹೇಳಲು ನಾನು ಮಾಂಬಳ್ಳಿಗೆ ಓಡಿದರೆ, ಅತ್ತೆ ಕೇರುತ್ತಿದ್ದ ಮೊರದಿಂದ ತಲೆಯನ್ನೂ ಎತ್ತಲಿಲ್ಲ.

“ಅರಿಶಿನ ಅಚ್ಚಿದ್ಕೆ ನಕ್ಕವ್ರೆ. ಅಂಗೇ ಕಳ್ಸಿದ್ರೆ ಪಾಪ, ಅವ್ರೂ ಅತ್ತುಬುಡೋರು ಕಣ್ಲಾ.”