ದುಂಡಗ ಈಜಿ ಸಮುದ್ರ ದಾಟಿದ್ದು

ನಗಿ ಬರೋ ಪ್ರಸಂಗಗಳು ತಾವ ನನ್ನ ಹುಡುಕ್ಕೊಂಡು ಬರ್ತಾವ, ನಾ ಹೋಗಿ ಹುಡುಕಿದ್ದಿಲ್ಲ. ಮಿಲಿಟ್ರಿಯಾಗ ಇದ್ದಾಗಂತೂ ದಿನಾ ಒಂದು. ಮೊದಲ ಒಂದು ಮಾತು ಹೇಳಿಬಿಡ್ತೀನಿ: ನಮ್ಮ ಕಂಪನ್ಯಾಗ ನನ್ನಷ್ಟು ಜೋರು ಓಡಾವ ಇನ್ನೊಬ್ಬ ಇರಲಿಲ್ಲ. ಒಂದು ಮುಂಜಾನಿ ಎಲ್ಲರ ಕೂಡ ಓಟ ಬಿಟ್ಟೆ. ಗುರಿ ಮುಟ್ಟಿ, ಚಾ ಕುಡದು, ಗಡ್ಡ ಮಾಡ್ಕೊಂಡು ಕುಂತೆ. ಉಳಿದವರು ಬಂದು ಮುಟ್ಟೋದ್ರಾಗ ಗಡ್ಡ ತಿರುಗಿ ಚಿಗತಿತ್ತು! ಇದನ್ನ ಕಣ್ಣಾರೆ ಕಂಡ ಸುಬೇದಾರ್ ಸಾಹೇಬ್ರು ತೀರಿಕೊಂಡ್ರು. ಇನ್ನೊಬ್ಬಾವ ಪಂಜಾಬಿನಾಗ ಎಲ್ಲೋ ಅದಾನ. ಕಾನಹೊಸಹಳ್ಳ್ಯಾಗ ನಮ್ಮ ಮನಿ ಕಟ್ಟಿ ಮ್ಯಾಲ ಕುಂತು ಇದನ್ನ ಸುಳ್ಳು ಅನ್ನಾಕ ಯಾರಿಗೂ ದಾರಿಯಿಲ್ಲ.

ಮೊನ್ನಿನೂ ಹಿಂಗ ಶುರು ಹಚ್ಚಿದ್ದೆ. ಸೈನ್ಯ ಸೇರಬೇಕಂತ ದಿನಾ ರೋಡಿನ ಪಕ್ಕ ಓಡೋ ಹುಡುಗರು ಬೆವರು ಒರಸ್ಕೋತ ಸುತ್ತ ಕುಂತಿದ್ರು. ಹೊಳಲಿಗೆ ಕೊಟ್ಟ ನಮ್ಮ ಅಕ್ಕ ತವರಿಗೆ ಬಂದಾಕಿ, ಒಂದು ಮಗ್ಗಲಿಗೆ ಕುಂತು ಶೇಂಗಾ ಸುಲಿಯಾಕ ಹತ್ತಿದ್ಲು.

ವಿಷಯ ಏನಂದ್ರ, ಆಗ ನಮ್ಮ ಕಂಪನಿಗೆ ಹುಕುಂ ಬಂದಿತ್ತು. ಸಮುದ್ರದಾಚೆ ಒಂದು ದೇಶದಾಗ ಎರಡು ಪಂಗಡ ಬಡಿದಾಡಾಕ ಹತ್ಯಾವ, ನೀವು ವಿಶ್ವಸಂಸ್ಥೆಯ ನೀಲಿ ಟೊಪ್ಪಿಗಿ ಹಾಕ್ಕೊಂಡು ಹೋಗಿ ನಡುವ ನಿಂದ್ರಬೇಕು ಅಂತ. ಹೋಗೋಕಿಂತ ಮೊದಲ ತಾಲೀಮು, ಪರೀಕ್ಷಿ. ಒಂದರಾಗ ಬಿದ್ರೂ ಇಲ್ಲೇ ಉಳದು ಸ್ಟೋರು ಕಾಯಬೇಕು. ನನಗ ಉಳಿಯಾಕ ಬರೋಹಂಗ ಇರಲಿಲ್ಲ. ಯಾಕಂದ್ರ ಸುದ್ದಿ ಮುಟ್ಟಿದ ದಿನಾನ ಅಕ್ಕ ಊರಿಗೆಲ್ಲ ಸಕ್ರಿ ಹಂಚಿಬಿಟ್ಟಿದ್ಲು. ಮಂದಿ ತಿಂದ ಸಕ್ರಿ ತಿರುಗಿ ಇಸ್ಕೊಳ್ಳಾಕ ಬರ್ತೈತೇನ್ರಿ? ಹೋಗಬೇಕು ಅಂದ್ರ ಹೋಗಬೇಕು, ಅಷ್ಟ.

ತಲಿ ಮ್ಯಾಲಿನ ಹೊರಿ

ಮೊದಲನೇದು ಬೆನ್ನಿಗೆ ಹೊರಿ ಕಟ್ಟಿಕೊಂಡು ಗುಡ್ಡ ಹತ್ತಾದು. ಚೀಲದ ಪಟ್ಟಿ ನನ್ನ ಹೆಗಲು ಕೊಯ್ಯಾಕ ಹತ್ತಿತು. ನಮ್ಮ ಕಡಿ ಯಾರು ಬೆನ್ನಿಗೆ ಹೊರಿ ಹಾಕ್ಕೊತಾರ್ರಿ, ಅಗಸರ ಕತ್ತಿ ಬಿಟ್ರ? ಟವಲು ಸುತ್ತಿ ಸಿಂಬಿ ಮಾಡಿದೆ, ತಲಿ ಮ್ಯಾಲ ಇಟ್ಟೆ, ಅದರ ಮ್ಯಾಲ ಚೀಲ ಏರಿಸಿದೆ. ಕೈ ಬೀಸ್ಕೋತ ಎಲ್ಲರಕಿಂತ ಮುಂದ ಹೊಂಟೆ.

ನನ್ನ ಜಿಲ್ಲಾದ ಹೆಸರ್ಲೆ ಕರಿಯೋ ಹವಾಲ್ದಾರ್ ಸಾಹೇಬ್ರು ಹಿಂದಿಂದ ಚೀರಿದ್ರು: "ಏ ಬಳ್ಳಾರಿ! ಇಳಿಸು ಅದನ್ನ! ದುಶ್ಮನ್‌ಗೆ ಎರಡು ಮೈಲಿ ದೂರದಿಂದ ಕಾಣ್ತೀಯ!"

"ಕಾಣ್ಲಿ ಬಿಡ್ರಿ ಸಾಬ್," ಅಂದೆ ನನಗ ಬರೋ ಹಿಂದಿಯಾಗ. "ಹುಲ್ಲಿನ ಹೊರಿ ಹೊಂಟೈತಿ ಅಂತ ತಿಳಕೊಂಡು ತನ್ನ ಎಮ್ಮಿಗೆ ಕೇಳಾಕ ಬರ್ತಾನ, ಆವಾಗ ಹಿಡಿಯೋಣು."

ದೊಂಬಿ

ಎರಡನೇದು ಗಲಾಟಿ ತಣಿಸೋ ತಾಲೀಮು. ಅರ್ಧ ಮಂದಿ ಆ ದೇಶದ ಹಳ್ಳಿಯವರಾಗಿ "ಕಾಳು ಕೊಡ್ರಿ" ಅಂತ ದೊಂಬಿ ಎಬ್ಬಿಸಬೇಕು. ಉಳಿದ ಅರ್ಧ ಮಂದಿ ಡಾಲು, ಅಂದ್ರ ಗುರಾಣಿ, ಹಿಡಕೊಂಡು ಬಂದು, ಒಂದು ಗುಂಡೂ ಹಾರಿಸದ ಸುಮ್ಮನ ಮಾಡಬೇಕು. ನನ್ನ ದನಿ ಕೇಳಿದ ಮೇಜರ್ ಸಾಹೇಬ್ರು ನನ್ನ ದೊಂಬಿಗೆ ಮುಖಂಡ ಮಾಡಿದ್ರು.

ಮುಂಜಾನಿಯಿಂದ ಬಿಸಿಲಾಗ ನಿಂತ್ವಿ. ಡಾಲಿನವರು ಬರವಲ್ರು. ನನ್ನ ದೊಂಬಿ ಹಸದು ಕುಂತುಬಿಟ್ಟಿತು. ಹಸದ ಮಂದಿ ಕೂಗ್ತಾರೇನ್ರಿ? ರಜಾದಿಂದ ಬರೋವಾಗ ಕೊಟ್ಟೂರಾಗ ಕೊಂಡಿದ್ದ ಮಂಡಕ್ಕಿ ಚೀಲ ನನ್ನ ಕಡಿ ಇತ್ತು. ತಾಡಪಾಲು ಹಾಸಿ ಸುರುವಿದೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ, ಪುಟಾಣಿ ಹಿಟ್ಟು ಉದುರಿಸಿ, ಎಣ್ಣಿ ಬಿಟ್ಟು ಕಲಿಸಿದೆ. ಅಷ್ಟರಾಗ ಡಾಲಿನವರು ಧಡ್ ಧಡ್ ಬಡಕೋತ ಬಂದ್ರು. ವಾಸನಿ ಬಡೀತು. ಡಾಲು ಅಂಗಾತ ಮಾಡಿ ನಮ್ಮ ಮುಂದ ಹಿಡದ್ರು, "ಇದರಾಗ ಹಾಕು" ಅಂತ!

ಮೇಜರ್ ಸಾಹೇಬ್ರು ಜೀಪಿನಾಗ ಬಂದು ನೋಡ್ತಾರ, ದೊಂಬಿ, ಪಲ್ಟನ್ ಎಲ್ಲಾ ಒಂದ ಪಂಕ್ತಿಯಾಗ.

"ಬೈಲಿಲ್ಲೇನಜ್ಜ?" ಅಂದ ಕಟ್ಟಿ ಮ್ಯಾಲ ಕುಂತಿದ್ದ ಒಬ್ಬ ಹುಡುಗ.

"ಬೈದ್ರು. ಅವರ ಬಾಯಿ ತುಂಬ ಮಂಡಕ್ಕಿ ಇತ್ತು, ಏನಂದ್ರೋ ತಿಳೀಲಿಲ್ಲ."

ಸುತ್ತು

ಕಡೀದು ಈಜು. ಬಟ್ಟಿ ಸಮೇತ ದೊಡ್ಡ ಕೆರಿ ಈ ದಂಡಿಯಿಂದ ಆ ದಂಡಿಗೆ ದಾಟಬೇಕು. ನಾ ಜಿಗಿದೆ, ಚಲೋನ ಈಜಿದೆ. ಆದರ ಕಣ್ಣು ಬಿಟ್ರ ತಿರುಗಿ ಈಜು ಕಲಿಸೋ ಉಸ್ತಾದ್ ಸಾಹೇಬ್ರ ಕಾಲ ಬುಡಕ್ಕ ಬಂದಿದ್ದೆ!

"ಸೀದಾ ಹೋಗೋ!" ಅಂದ್ರು ಉಸ್ತಾದ್.

"ಸಾಬ್, ನಾ ಈಜು ಕಲ್ತಿದ್ದು ಹೊಲದಾಗಿನ ದುಂಡನೆ ಬಾವ್ಯಾಗ. ಗ್ವಾಡಿ ಹಿಡದು ಸುತ್ತು ಹೊಡದು ಹೊಡದು, ಕೈಕಾಲಿಗೆ ಸೀದಾ ಅನ್ನೋದ ಗೊತ್ತಿಲ್ಲ."

ಬಿದ್ದೆ. ಒಂದು ವಾರದ ಮ್ಯಾಲ ಇನ್ನೊಂದು ಅವಕಾಶ ಕೊಟ್ರು. ನಿದ್ದಿ ಬಿಟ್ಟೆ, ನಸುಕಿನಾಗ ನೀರಿಗೆ ಬಿದ್ದೆ, ಹಾವು ಪೊರಿ ಬಿಟ್ಟಂಗ ಮೈ ಚರ್ಮ ಸುಲದು ಬಂತು. ಸೀದಾ ಮಾತ್ರ ಬರಲಿಲ್ಲ. ಪರೀಕ್ಷಿ ದಿನ ಉಳಿದವರೆಲ್ಲ ಆಚಿ ದಂಡ್ಯಾಗ ನಿಂತು ನಗಾಕ ಹತ್ತಿದ್ರು. ಸ್ಟೋರಿನ ಬೀಗ ನನ್ನ ಕಣ್ಣಿಗೆ ಕಟ್ಟಿತು. ಅಕ್ಕ ಹಂಚಿದ ಸಕ್ರಿ ನೆನಪಾತು. ಆಗ ಹೊಳೀತು: ಸುತ್ತು ಬಿಡಾಕ ಆಗದಿದ್ರ ಬ್ಯಾಡ, ಸುತ್ತು ದೊಡ್ಡದು ಮಾಡೋಣು! ಒಂದು ಸುತ್ತು ಹೊಡದೆ, ಅದಕಿಂತ ದೊಡ್ಡದು ಇನ್ನೊಂದು, ಅದಕಿಂತ ದೊಡ್ಡದು ಮತ್ತೊಂದು. ನಡುವಿನ ಮೀನು ತಲಿ ತಿರುಗಿ ತೇಲಿದ್ವು. ಹೊತ್ತು ಇಳಿಯೋ ಹೊತ್ತಿಗೆ ನನ್ನ ಸುತ್ತು ಕೆರಿಯಷ್ಟ ಆಗಿ ಆಚಿ ದಂಡಿಗೆ ಬಡೀತು!

ಮೇಜರ್ ಸಾಹೇಬ್ರು ಅಂದ್ರು, "ಇವನ್ನ ಮೊದಲ ಹಡಗು ಹತ್ತಿಸ್ರಿ. ಹಡಗು ಮುಳುಗಿದ್ರ ಅದರ ಸುತ್ತಾ ಈಜಿ ಕಾವಲು ತಿರುಗ್ತಾನ."

ಹಂಗ ಹತ್ತಿದೆ ನೋಡ್ರಿ ಹಡಗು.

ಹುಡುಗರು ಬಾಯಿ ತಕ್ಕೊಂಡು ಕುಂತಿದ್ರು. ಅಕ್ಕ ಶೇಂಗಾ ಸುಲಿಯಾದು ನಿಲ್ಲಿಸಿದ್ಲು.

"ಲೇ ತಮ್ಮಾ, ಯಾವ ಬಾವ್ಯಾಗ ಕಲ್ತಿ ಅಂದಿ?"

"ನಮ್ಮ ಹೊಲದ ಬಾವ್ಯಾಗ. ನೀನ ಸೊಂಟಕ್ಕ ಹಗ್ಗ ಕಟ್ಟಿ ಬಿಟ್ಟಿದ್ದಿ, ಮರತೀಯೇನು?"

"ಹಗ್ಗ ಹಿಡದಾಕಿ ನಾನ, ಮರೀತೀನಾ? ಅದು ದುಂಡಗ ಯಾವಾಗ ಆತೋ? ಮೆಟ್ಲಿನ ಬಾವಿ, ನಾಕು ಮೂಲಿ ಐತಿ! ಈಗೂ ಐತಿ, ಹೋಗಿ ನೋಡ್ರಿ ಹುಡುಗ್ರಾ."

ಎಲ್ಲಾ ನನ್ನ ಮಾರಿ ನೋಡಿದ್ರು. ನಾ ಟವಲು ಕೊಡವಿ ಹೆಗಲ ಮ್ಯಾಲ ಹಾಕ್ಕೊಂಡೆ, ಅಕ್ಕನ ಮೊರದಾಗಿಂದ ಒಂದು ಹಿಡಿ ಶೇಂಗಾ ತಗೊಂಡೆ.

"ಮತ್ತ ನಾಕು ಮೂಲಿ ಬಾವ್ಯಾಗ ದುಂಡಗ ಈಜಾದು ಕಲಿಯಾದು ಅಂದ್ರ ಹುಡುಗಾಟ ಅಂತ ತಿಳದೀಯೇನಕ್ಕಾ?"