ನೆಟ್ ಇಲ್ಲದ ಊರಾಗ ಗೇಮಿನ ಡಬ್ಬಿ

ನಮ್ಮ ಕಸುಬಿನಾಗ ನಗಬಾರದು ಅಂತ ಬಾಯಿ ಬಿಗಿಹಿಡದು ಕುಂತರೂ ದಿನಕ್ಕೊಂದು ಪ್ರಸಂಗ ತಾನಾಗೇ ಅಂಗಡಿ ಕಟ್ಟಿ ಹತ್ತಿ ಬರತೇತಿ. ಹಾನಗಲ್ಲಿನಾಗ ನಂದೊಂದು ರಿಪೇರಿ ಅಂಗಡಿ. ಮೊದಲ ಟೇಪ್ ರೆಕಾರ್ಡರ್, ಟಿವಿ ಬಿಚ್ಚತಿದ್ದೆ. ಈಗ ಟಿವಿಗೆ ಹಚ್ಚಿ ಆಡೂ ಗೇಮಿನ ಡಬ್ಬಿ ಬಂದಾವಲ್ಲ, ಅವನ್ನ ನೋಡತೇನಿ. ಈ ಡಬ್ಬಿಗೋಳು ಆಗಾಗ "ನನ್ನ ಸಾಫ್ಟ್‌ವೇರ್ ಹಳೇದಾತು, ಹೊಸಾದು ಹಾಕೂತನಕ ಆಡಸೂದಿಲ್ಲ" ಅಂತ ಹಟಾ ಹಿಡದು ಕುಂದರತಾವ. ನೆಟ್ ಇದ್ದವರ ಮನ್ಯಾಗ ತಾನ ಹಾಕ್ಕೋತೇತಿ. ಇಲ್ಲದವರಿಗೆ ನಾನು ಅಂಗಡಿ ಕಂಪ್ಯೂಟರಿನಾಗ ಅದನ್ನ ಇಳಿಸಿ, ಪೆನ್ ಡ್ರೈವಿನಾಗ ತುಂಬಿ, ಬೈಕ್ ಮ್ಯಾಲ ಒಯ್ದು ಹಾಕಿ ಬರ್ತೇನಿ. ಸುತ್ತ ನಾಲ್ಕು ತಾಲೂಕಿನಾಗ ಈ ಕೆಲಸಾ ಮಾಡಾವ ನಾನೊಬ್ಬನ. ಹಿಂಗಾಗಿ ನಾಲ್ಕು ತಾಲೂಕಿನ ತಲಿನೋವೂ ನಂದ.

ಅದರಾಗಿನ ಒಂದ ವಾರದ ಕಥಿ ಹೇಳತೇನಿ, ಕೇಳ್ರಿ.

೧. ಮೂರು ರಿಬ್ಬನ್ನಿನ ವೈರು

ಬುಧವಾರ ಮುಂಜಾನೆ ಫೋನ್ ಬಂತು. ಹಿರೇಕೆರೂರು ತಾಲೂಕಿನ ಒಂದು ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ, ನಮ್ಮ ಬಾಯಾಗ ಪಿಡಿಓ ಸಾಹೇಬ್ರು.

"ಸೋಮವಾರ ಜಿಲ್ಲಾದ ದೊಡ್ಡ ಸಾಹೇಬ್ರು ತಪಾಸಣಿಗೆ ಬರ್ತಾರ್ರಿ. ಯುವಕರ ಮನರಂಜನಾ ಕೋಣಿ ಚಾಲೂ ಇರಬೇಕು. ಇವತ್ತ ಗೇಮಿನ ಡಬ್ಬಿ ಬಿಚ್ಚಿದ್ವಿ, ಅಪ್ಡೇಟ್ ಕೇಳಾಕತ್ತೇತಿ."

"ಡಬ್ಬಿ ಬಂದು ಎಷ್ಟು ದಿನಾ ಆತ್ರಿ?"

"ಎರಡು ವರ್ಷ."

"ಇಷ್ಟು ದಿನಾ ಯಾಕ ಬಿಚ್ಚಿಲ್ರಿ?"

"ಇಷ್ಟು ದಿನಾ ತಪಾಸಣಿ ಇರಲಿಲ್ಲಲ್ರಿ."

ಇದರಾಗ ನಗೂವಂಥಾದ್ದು ಏನೈತಿ ಅನ್ನೂ ಹಂಗ ಹೇಳಿದ್ರು. ಆಮ್ಯಾಲ ದನಿ ಸಣ್ಣದು ಮಾಡಿ ಖರೇ ಸಂಗ್ತಿ ಬಿಚ್ಚಿದ್ರು. ಐದು ವರ್ಷದಿಂದ ಹೆಂಡತಿ, ಮಗಳು ಗದಗಿನಾಗ, ಇವರು ಇಲ್ಲಿ ಖಾನಾವಳಿ ರೊಟ್ಟಿ ತಿನಕೋತ ಒಬ್ಬರ. ಗದಗಿಗೆ ವರ್ಗಾ ಕೇಳಿದ ಅರ್ಜಿ ದೊಡ್ಡ ಸಾಹೇಬ್ರ ಟೇಬಲ್ ಮ್ಯಾಲ ಐತಿ. ಸೋಮವಾರ ಒಂದು ಕೆಂಪು ಗೆರಿ ಬಿತ್ತಂದ್ರ ಅರ್ಜಿ ಮೂಲಿಗೆ ಬೀಳತೇತಿ. "ನನ್ನ ಮಗಳು ನನಗ ಫೋನಿನಾಗಿನ ಅಪ್ಪ ಅಂತಾಳ್ರಿ" ಅಂದ್ರು.

"ಬರ್ತೇನ್ರಿ, ಚಿಂತಿ ಬಿಡ್ರಿ. ಆದ್ರ ನಿಮ್ಮ ಊರಿಗೆ ನೆಟ್ ಬಂದೈತಿ ಅಂತ ಪೇಪರಿನಾಗ ನೋಡಿದ್ನೆಲ್ರಿ?"

"ಮೂರು ಸಲ ಉದ್ಘಾಟನಾ ಆಗೇತ್ರಿ. ವೈರು ಗ್ವಾಡೀತನಕ ಬಂದೈತಿ. ನೆಟ್ ಮಾತ್ರ ಇನ್ನೂ ರಿಬ್ಬನ್ನಿನ ಆ ಕಡೆನ ಐತಿ."

೨. ಸಾವಕಾರ್ರ ಉಳಿತಾಯ

ಗುರುವಾರ ಶಿಗ್ಗಾಂವಿಗೆ ಹೋಗೂದು ಮೊದಲ ಒಪ್ಪಿಕೊಂಡಿದ್ದೆ. ಕಿರಾಣಿ ಅಂಗಡಿ ಸಾವಕಾರ್ರ ಮನಿ. ಪೆನ್ ಡ್ರೈವ್ ಚುಚ್ಚಿ, "ಪರದೆ ಮ್ಯಾಲ ನೂರು ಬರೂತನಕ ಯಾರೂ ಬಟನ್ ಮುಟ್ಟಬ್ಯಾಡ್ರಿ" ಅಂತ ಕೈ ಮುಗದು ಹೇಳಿ ಚಾ ಕುಡ್ಯಾಕ ಹೋದೆ. ಹೊಳ್ಳಿ ಬಂದು ನೋಡಿದ್ರ ಟಿವಿ ಕರ್ರಗ ಆಗೇತಿ.

"ಏನಾತ್ರಿ ಸಾವಕಾರ್ರ?"

"ತೊಂಬತ್ತೊಂಬತ್ತು ಆಗಿತ್ತು. ಐದು ನಿಮಿಷ ನೋಡಿದೆ, ಅಲ್ಲೇ ನಿಂತಿತ್ತು. ಒಂದರ ಸಲುವಾಗಿ ಯಾಕ ಕರೆಂಟು ಸುಡೂದು ಅಂತ ಬಂದ್ ಮಾಡಿದೆ."

"ಅಯ್ಯ ನನ್ನ ದೇವ್ರ! ಆ ಒಂದು ಇಲ್ಲದ ಡಬ್ಬಿ ನಡ್ಯೂದಿಲ್ರಿ!"

ಸಾವಕಾರ್ರು ನನ್ನ ಮುಖ ನೋಡಿ ನಕ್ಕರು. "ಸುಮ್ನಿರೋ ತಮ್ಮಾ. ಹುಟ್ಟಿದಾಗಿಂದ ಕಿಲೋಕ್ಕ ಹತ್ತು ಗ್ರಾಂ ಕಡಿಮಿ ತೂಗಾಕತ್ತೇನಿ. ನಡ್ಯೂದಿಲ್ಲ ಅಂತ ಒಬ್ಬ ಗಿರಾಕಿ ಬಂದು ಹೇಳಿಲ್ಲ."

೩. ಆಚಾರ್ರ ಆಕ್ಷೇಪಣಿ

ಸತ್ತ ಡಬ್ಬಿ ಎಬ್ಬಸೂದ್ರಾಗ ಗುರುವಾರ ಮುಗೀತು. ಶುಕ್ರವಾರ ಸವಣೂರು. ಅಲ್ಲಿ ಸಂಸ್ಕೃತ ಕಲಿಸಿ ರಿಟೈರ್ ಆದ ಆಚಾರ್ರು ಅದಾರ. ಟಿವಿ ಮುಂದ ನಿಂತು ಕೈ ಬೀಸಿ ಟೆನಿಸ್ ಆಡಿದ್ರ ಹೆಗಲು ಹಗುರಾಗತೇತಿ ಅಂತ ಡಾಕ್ಟರು ಹೇಳಿದ್ದಕ್ಕ ಡಬ್ಬಿ ತರಿಸಿದ್ರು.

ಅಪ್ಡೇಟ್ ಹಾಕೂಕಿಂತ ಮೊದಲ ಕಂಪನಿಯವರ ಕರಾರು ಬರತೇತಿ. ಉದ್ದನ್ನ ಪುರಾಣ, ಕೆಳಗ ಎರಡು ಬಟನ್: ಒಪ್ಪೇನಿ, ಒಪ್ಪೂದಿಲ್ಲ. ನಾನು ರೂಢಿ ಪ್ರಕಾರ ಒಪ್ಪೇನಿ ಒತ್ತಾಕ ಹೋದೆ. ಆಚಾರ್ರು ಗಪ್ಪನ ನನ್ನ ಕೈ ಹಿಡದ್ರು.

"ಏನು ಮಾಡ್ಲಿಕ್ಕತ್ತೀರಿ? ಓದಲಾರದೆ ಒಪ್ಪೋದೇನು? ನಮ್ಮ ಮನೆತನದಾಗ ಏಳು ತಲಿಮಾರಿನಿಂದ ಯಾರೂ ಹಂಗ ಒಪ್ಪಿಲ್ಲ."

ಕನ್ನಡಕ ಬಂತು, ಭೂತಗನ್ನಡಿ ಬಂತು, ನೂರು ಪುಟದ ನೋಟ್‌ಬುಕ್ ಬಂತು. ಮಧ್ಯಾಹ್ನ ಅವರ ಮನ್ಯಾಗ ನಂದು ಊಟಾನೂ ಆತು. ನಡುನಡುವ ಪಿಡಿಓ ಸಾಹೇಬ್ರ ಫೋನು: "ಹೊಂಟ್ರೇನ್ರಿ?" ಸಂಜಿ ಐದಕ್ಕ ಆಚಾರ್ರು ತಲಿ ಎತ್ತಿದ್ರು.

"ಮೂರನೇ ಕಲಮಿನಾಗ ಈ ಸಾಫ್ಟ್‌ವೇರ್ ನಿನ್ನದಲ್ಲ ಅಂತಾರ. ಹದಿನೇಳನೇದರಾಗ ಇದಕ್ಕೇನಾದ್ರೂ ಆದ್ರ ನೀನೇ ಹೊಣಿ ಅಂತಾರ. ಎರಡೂ ಹೆಂಗ ಕೂಡ್ತದ?"

"ಅದನ್ನ ಯಾರೂ ಓದೂದಿಲ್ರಿ ಆಚಾರ್ರ."

"ಬರದವನೂ ಓದಿಲ್ಲ, ಅದು ಗೊತ್ತಾಗ್ತದ" ಅಂದವರ, 'ಒಪ್ಪೂದಿಲ್ಲ' ಬಟನ್ ಒತ್ತಿ ಎದ್ದು ನಿಂತ್ರು. ಸಭಾ ಗೆದ್ದಂಥಾ ಮುಖ! ಅವತ್ತಿಂದ ಕಂಪನಿಗೆ ಪತ್ರ ಬರ್ಯಾಕತ್ತಾರ. ಟೆನಿಸ್ ಆಡಿಲ್ಲ ಖರೆ, ಬರದು ಬರದು ಹೆಗಲು ಮಾತ್ರ ಅಗ್ದೀ ಹಗುರಾಗೇತಂತ.

೪. ಆವಕ ಆತು, ಜಾವಕ ಇಲ್ಲ

ಶನಿವಾರ ಪಂಚಾಯ್ತಿ ಮುಟ್ಟಿದೆ. ಬಾಗಲದಾಗ ಗುಮಾಸ್ತ ಅಡ್ಡ ನಿಂತ. ಹೊರಗಿಂದ ಬಂದದ್ದು ಏನ ಇರಲಿ, ಮೊದಲ ಆವಕ ರಿಜಿಸ್ಟರಿನಾಗ ಏರಬೇಕು. ಪೆನ್ ಡ್ರೈವ್ ಇಸಕೊಂಡ. 'ಕರೀದು, ಒಂದು' ಅಂತ ಬರಕೊಂಡ. ತನ್ನ ಕಂಪ್ಯೂಟರಿಗೆ ಹಚ್ಚಿ ಪರೀಕ್ಷಾ ಮಾಡಿ, ಗುಂಡ ಸಿಕ್ಕಾ ಹೊಡದ ಚೀಟಿ ಅಂಟಿಸಿ ಕೊಟ್ಟ.

ಡಬ್ಬಿಗೆ ಚುಚ್ಚಿದೆ. 'ಫೈಲ್ ಇಲ್ಲ' ಅಂತು. ತೆಗದು ಮತ್ತ ಚುಚ್ಚಿದೆ. ಇಲ್ಲ! ಪಿಡಿಓ ಸಾಹೇಬ್ರ ಮುಖ ಸುಣ್ಣ ಹಚ್ಚಿದಂಗಾತು. ಕಂಪ್ಯೂಟರಿನಾಗ ತೆಗದು ನೋಡತೇನಿ, ಕಂಪನಿಯವರು ಇಟ್ಟ ಫೋಲ್ಡರ್ ಹೆಸರು ಹೋಗಿ 'ಸ್ವೀಕೃತ ಕಡತ' ಆಗೇತಿ.

"ಇದ್ಯಾಕ ಬದಲ ಮಾಡಿದ್ರಿ?" ಅಂತ ಗುಮಾಸ್ತನ್ನ ಕೇಳಿದೆ.

"ಇಂಗ್ಲಿಷಿನಾಗ ಇತ್ತು. ಕಡತದ ಹೆಸರು ಕನ್ನಡದಾಗ ಇರಬೇಕಂತ ಆದೇಶ ಐತಿ."

"ಆ ಹೆಸರು ಬಿಟ್ಟು ಬ್ಯಾರೆ ಹೆಸರಿದ್ರ ಡಬ್ಬಿ ಹೊಳ್ಳಿನೂ ನೋಡೂದಿಲ್ಲೋ ಮಾರಾಯ! ಕೊಡು, ಹಳೇ ಹೆಸರು ಹಾಕತೇನಿ."

"ಆವಕ ಆದದ್ದರ ಹೆಸರು ಬದಲಾಗಬೇಕಂದ್ರ ಮೊದಲ ಜಾವಕ ಆಗಿ ಹೊರಗ ಹೋಗಬೇಕು. ಜಾವಕ ರಿಜಿಸ್ಟರ್ ಬರ್ಯಾವ ರಜಾ ಮ್ಯಾಲ ಅದಾನ." ಪೆನ್ ಡ್ರೈವೂ ಕೋಣಿ ಕೀಲಿನೂ ಕಪಾಟಿನಾಗ ಇಟ್ಟು ಬೀಗಾ ಜಡದ. ಪಿಡಿಓ ಸಾಹೇಬ್ರು ತಮ್ಮ ಗುಮಾಸ್ತಗ ತಾವ ಕೈ ಮುಗದ್ರು. ಅವ ಅದನ್ನೂ ರಿಜಿಸ್ಟರಿನಾಗ ಏರಸ್ತಾನೋ ಏನೋ ಅಂತ ನನಗ ಅಂಜಿಕಿ ಆತು.

೫. ತಪಾಸಣಿ

ಸೋಮವಾರ ಹತ್ತಕ್ಕ ಜಾವಕದವ ರಜಾ ಮುಗಿಸಿ ಬಂದ, ಕಪಾಟು ತೆಗೀತು. ಫೋಲ್ಡರಿನ ಹಳೇ ಹೆಸರು ಹಾಕಿ ಚುಚ್ಚಿದೆ. ಡಬ್ಬಿ ಒಪ್ಪಿತು! ಪರದೆ ಮ್ಯಾಲ ಬಿಳೇ ಗೆರಿ ತೆವಳಾಕ ಹತ್ತಿತು. ನಲವತ್ತಕ್ಕ ಬಂದಿತ್ತು ಅಷ್ಟ, ಹೊರಗ ಜೀಪು ನಿಂತ ಸಪ್ಪಳ.

ಊರಿನ ಯುವಕರೆಲ್ಲ ಗೋವಿನಜೋಳ ಒಕ್ಕಾಕ ಹೋಗಿದ್ರು. ಹಿಂಗಾಗಿ ಪಿಡಿಓ ಸಾಹೇಬ್ರು ಐವತ್ತು ದಾಟಿದ ಇಬ್ಬರು ಮೆಂಬರನ್ನ ಯುವಕರಂತ ಕುಂದರಿಸಿ ಕೈಯಾಗ ರಿಮೋಟು ಕೊಟ್ಟಿದ್ರು. "ಏನೂ ಒತ್ತಬ್ಯಾಡ್ರಿ" ಅಂದಿದ್ದೆ. ಅವರು ಉಸರೂ ಬಿಡದ ಗೆರಿ ನೋಡಕೋತ ಕುಂತಿದ್ರು.

ದೊಡ್ಡ ಸಾಹೇಬ್ರು ಒಳಗ ಬಂದ್ರು. "ಆಟ ನಡದೈತೇನು?"

ಪಿಡಿಓ ಸಾಹೇಬ್ರು ಕೈ ಕಟ್ಟಿ ನಿಂತು ಅಂದ್ರು: "ನಡದೈತ್ರಿ ಸರ್."

ದೊಡ್ಡ ಸಾಹೇಬ್ರು ಖುರ್ಚಿ ಎಳಕೊಂಡು ಕುಂತ್ರು. ನಲವತ್ತೊಂದು. ನಲವತ್ತೆರಡು. "ಯಾರು ಮುಂದದಾರ?"

"ಇಬ್ಬರೂ ಸಮಾ ಅದಾರ್ರಿ" ಅಂದೆ. ನನ್ನ ಬಾಯಿಗೆ ಬೆಂಕಿ ಬೀಳಲಿ, ಹೆಂಗ ಬಂತೋ ಗೊತ್ತಿಲ್ಲ.

ಅರವತ್ತಕ್ಕ ಅವರು ಖುರ್ಚಿ ತುದಿಗೆ ಬಂದ್ರು. ಎಂಬತ್ತಕ್ಕ ಟೊಪಗಿ ತೆಗದ್ರು. "ಬಿಡಬ್ಯಾಡ್ರಿ, ಹೊಡೀರಿ!" ಅಂತ ತೊಡಿ ತಟ್ಟಿದ್ರು. ನೂರಾದ ಕೂಡ್ಲೆ ಎದ್ದು ನಿಂತು ಚಪ್ಪಾಳಿ ತಟ್ಟಿದ್ರು, ನಾವೂ ತಟ್ಟಿದ್ವಿ.

"ಯಾರು ಗೆದ್ರು?"

ಮೆಂಬರೊಬ್ಬರು ರಿಮೋಟು ಕೆಳಗಿಟ್ಟು ಹೇಳಿದ್ರು: "ಪಂಚಾಯ್ತಿ ಗೆದ್ದೈತ್ರಿ."

ದೊಡ್ಡ ಸಾಹೇಬ್ರು ತಪಾಸಣಿ ಪುಸ್ತಕದಾಗ ಹಸರು ಶಾಯಿಲೆ ಬರದ್ರು: 'ಗದ್ದಲವಿಲ್ಲ, ಜಗಳವಿಲ್ಲ. ಇಷ್ಟು ಶಿಸ್ತಿನಿಂದ ಆಡುವ ಯುವಕರನ್ನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ.' ಪಿಡಿಓ ಸಾಹೇಬ್ರ ಕಣ್ಣಾಗ ನೀರು ಬಂತು.

ಜೀಪು ಹತ್ತೂ ಮುಂದ ದೊಡ್ಡ ಸಾಹೇಬ್ರು ಅವರ ಹೆಗಲ ಮ್ಯಾಲ ಕೈ ಇಟ್ಟು, "ನಿಮ್ಮ ವರ್ಗಾ ಅರ್ಜಿಗೆ ಇವತ್ತ ಸಹಿ ಮಾಡಾವ ಇದ್ದೆ. ಇಂಥಾ ಅಧಿಕಾರೀನ ಕಳಿಸಿದ್ರ ನನ್ನಂಥಾ ಹುಚ್ಚ ಯಾರೂ ಇಲ್ಲ. ಇನ್ನೂ ಐದು ವರ್ಷ ಇಲ್ಲೇ ಇರ್ರಿ, ತಾಲೂಕಿಗೆಲ್ಲ ಈ ಆಟ ಕಲಸ್ರಿ" ಅಂದು, ಅರ್ಜಿ ಹರದು ಕಿಸೆದಾಗ ಇಟಗೊಂಡು ಹ್ವಾದ್ರು.

ಧೂಳು ಇಳಿಯೂದ್ರಾಗ ಗದಗಿನಿಂದ ಹೆಂಡತಿ ಫೋನು. ಆ ತಾಯಿ ಕೇಳಿದ್ದು ನನಗೂ ಕೇಳಸ್ತು: "ತಪಾಸಣಿ ಹೆಂಗಾತ್ರಿ?"

ಪಿಡಿಓ ಸಾಹೇಬ್ರು ಜೀಪು ಹೋದ ದಾರಿ ನೋಡಕೋತ ಅಂದ್ರು: "ಭಾಳ ಚಲೋ ಆತು. ಎಷ್ಟು ಚಲೋ ಆತಂದ್ರ, ಮಗಳನ್ನ ಕರಕೊಂಡು ನೀನ ಇಲ್ಲಿಗೆ ಬಂದುಬಿಡು."